ಮಗಳ ಉಳುಕಿಗೆ ನಾನು ಕಾಲು ಹಚ್ಚಲಿಲ್ಲ

ಹುಟ್ಟುವಾಗ ನಾನು ಕಾಲು ಮುಂದಾಗಿ ಬಂದವನು. ಅಂಥವರು ಕಾಲಲ್ಲಿ ನೀವಿದರೆ ಉಳುಕು ಹೋಗುತ್ತೆ ಅಂತ ನಮ್ಮ ಕಡೆ ನಂಬಿಕೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ವೆಲ್ಡಿಂಗ್ ಹಿಡಿದ ನನ್ನ ಭದ್ರಾವತಿಯ ಮನೆಗೆ ಮೇಷ್ಟ್ರುಗಳೂ ಸೊಂಟ ಹಿಡ್ಕೊಂಡು ಬರ್ತಿದ್ದರು. ನನಗದು ಭಾರೀ ಹೆಮ್ಮೆ.

ಜಿಲ್ಲಾ ಕಬಡ್ಡಿಗೆ ಒಂದು ತಿಂಗಳಿದ್ದಾಗ ಮಗಳ ಪಾದ ತಿರುಚಿ ಊದಿಕೊಂಡಿತು. ನಾನು ಎಣ್ಣೆ ಬಿಸಿ ಮಾಡಿ ತಂದೆ. ಅವಳು ಕಾಲು ಎಳಕೊಂಡಳು.

"ಬೇಡಪ್ಪಾ, ಶಿವಮೊಗ್ಗದ ದುರ್ಗಿಗುಡಿ ಫಿಸಿಯೋ ಮೇಡಂ ಹತ್ರ ಹೋಗೋಣ."

ಮೇಡಂ ನೋಡಿ, "ಈಗ ಉಜ್ಜಿದ್ರೆ ಊತ ಜಾಸ್ತಿ ಆಗುತ್ತೆ. ಐಸ್ ಇಡಿ, ಪಟ್ಟಿ ಕಟ್ಟಿ. ನೋವು ಇಳಿದ ಮೇಲೆ ವ್ಯಾಯಾಮ ಹೇಳಿಕೊಡ್ತೀನಿ" ಅಂದರು.

"ಊರಿಗೆಲ್ಲ ವೈದ್ಯರು, ಮನೇಲಿ ಐಸ್ ಹೊರೋ ಕೂಲಿ ಆದ್ರಲ್ಲ ಮಾರಾಯ್ರೆ!" ಅಂತ ಹೆಂಡತಿ ನಕ್ಕಳು. ನನಗೆ ಉರಿಯಿತು. ಆದರೂ ಐಸ್ ಇಟ್ಟೆ. ಆಮೇಲೆ ಒಂಟಿಕಾಲಲ್ಲಿ ನಿಲ್ಲೋ ಅಭ್ಯಾಸಕ್ಕೆ ದಿನಾ ಬೆಳಿಗ್ಗೆ ಹೆಗಲು ಕೊಟ್ಟೆ.

ಶಿವಮೊಗ್ಗದ ಫೈನಲ್‌ನಲ್ಲಿ ಸ್ಕೋರು ಸಮ, ಕೊನೇ ರೈಡು ಅವಳದ್ದು. ಇಬ್ಬರು ಸೊಂಟ ಹಿಡಿದೆಳೆದರೂ ಉಳುಕಿದ್ದ ಅದೇ ಕಾಲೂರಿ ಹಾರಿ ಗೆರೆ ಮುಟ್ಟಿದಳು! ಜನ ಸ್ಕೋರ್ ಬೋರ್ಡು ನೋಡಿ ಕೂಗಿದರು. ನಾನು ಅವಳ ಪಾದವನ್ನೇ ನೋಡುತ್ತಿದ್ದೆ. ಎರಡೂ ಕಾಲಲ್ಲಿ ಕುಣಿಯುತ್ತಿದ್ದಳು.