ಸಿಸ್ಟರ್ ಇಡುತ್ತಿದ್ದ ಗಂಧಕದ ಬಾಟಲಿ

ಬಿಸಿಯಾದ ರಬ್ಬರಿನ ವಾಸನೆ ಅಡುಗೆಮನೆಗೆ ಸೇರಿದ್ದಲ್ಲ. ಆದರೂ ಕಳೆದ ತಿಂಗಳು ಒಂದು ಬೆಳಿಗ್ಗೆ ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ, ಒಲೆಕಟ್ಟೆಯ ಮುಂದೆ ನಿಂತಿದ್ದಾಗ, ಅದೇ ವಾಸನೆ ಮೂಗಿಗೆ ಬಡಿಯಿತು. ಬಂದದ್ದು ನನ್ನ ಕಾಫಿ ಯಂತ್ರದಿಂದ. ನೆನಪಾದದ್ದು ಮಾತ್ರ ಹುನಗುಂದದ ಒಂದು ಸಣ್ಣ ಆಸ್ಪತ್ರೆ, ಅದರ ಆಪರೇಷನ್ ಥಿಯೇಟರಿನ ಪಕ್ಕದ ಇಕ್ಕಟ್ಟಾದ ಕೋಣೆ, ಅಲ್ಲಿ ಉಗಿಯ ನಡುವೆ ನಿಂತಿರುತ್ತಿದ್ದ ಸಿಸ್ಟರ್…

ಮೊದಲು ಯಂತ್ರದ ಕಥೆ ಹೇಳಿಬಿಡುತ್ತೇನೆ. ಆಪರೇಷನ್ ಮಾಡುವುದನ್ನು ನಿಲ್ಲಿಸಿದ ಮೇಲೆ ನನಗೆ ನಾನೇ ಕೊಟ್ಟುಕೊಂಡ ಉಡುಗೊರೆ ಈ ಎಸ್ಪ್ರೆಸೊ ಯಂತ್ರ. ಚಹಾ ಕುಡಿಯುವ ಊರಿನಲ್ಲಿ ಇದು ಸ್ವಲ್ಪ ಅಧಿಕಪ್ರಸಂಗವೇ. ಪಕ್ಕದ ಮನೆಯಾಕೆ ಒಮ್ಮೆ ರುಚಿ ನೋಡಿ, "ಇದಕ್ಕ ಇಷ್ಟ ದೊಡ್ಡ ಮಷಿನ್ ಯಾಕ್ರಿ ಬಾಯಾರ, ಬೇವಿನ ತಪ್ಪಲಾ ಕುದಿಸಿದ್ರ ಸಾಕಿತ್ತಲ್ಲ" ಎಂದು ಹೋದವರು ಮತ್ತೆ ಕಾಫಿಯ ಹೊತ್ತಿಗೆ ಈ ಕಡೆ ಸುಳಿದಿಲ್ಲ. ಯಂತ್ರಕ್ಕೆ ಎರಡು ಗೇಜುಗಳಿವೆ. ಒಳಗಿನ ಬಾಯ್ಲರಿನಲ್ಲಿ ಎಷ್ಟು ಉಗಿ ಕಟ್ಟಿದೆ ಎಂದು ಒಂದು ತೋರಿಸುತ್ತದೆ. ಪಂಪು ಕಾಫಿಪುಡಿಯ ಮೇಲೆ ನೀರನ್ನು ಎಷ್ಟು ಬಲವಾಗಿ ಒತ್ತುತ್ತಿದೆ ಎಂದು ಇನ್ನೊಂದು. ಪುಡಿಗೆ ತಾಗುವ ನೀರು ತೊಂಬತ್ತು ಡಿಗ್ರಿ ದಾಟಿರಬೇಕು, ಪಂಪಿನ ಮುಳ್ಳು ಒಂಬತ್ತರ ಹತ್ತಿರ ನಿಲ್ಲಬೇಕು. ನಾನು ದಿನಾ ಈ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಪೇಷಂಟುಗಳು ಇಲ್ಲದ ಡಾಕ್ಟರಿಗೆ ಏನಾದರೂ ಒಂದು ಚಾರ್ಟು ಬೇಕಲ್ಲ.

ಆ ದಿನ ಎರಡೂ ಮುಳ್ಳುಗಳು ಎಲ್ಲಿರಬೇಕೋ ಅಲ್ಲೇ ಇದ್ದವು. ಕಾಫಿ ಮಾತ್ರ ತೆಳ್ಳಗೆ, ಹುಳಿ ಹುಳಿ. ಪುಡಿ ಬದಲಿಸಿದೆ, ಇನ್ನೂ ನುಣ್ಣಗೆ ಬೀಸಿದೆ, ಹುಳಿ ಹೋಗಲಿಲ್ಲ. ಕೊನೆಗೆ ಸಿಟ್ಟು ಬಂದು, ಯಂತ್ರದಿಂದ ಬೀಳುವ ನೀರಿಗೇ ಥರ್ಮಾಮೀಟರ್ ಹಿಡಿದೆ. ಎಂಬತ್ತನ್ನೂ ಮುಟ್ಟಿರಲಿಲ್ಲ. ಹಾಲು ಕಾಯಿಸಲು ಇರುವ ಉಗಿಯ ನಳವನ್ನು ತಿರುಗಿಸಿದರೆ ಪುಸ್ಸೆಂದು ಹೊರಬಂದದ್ದು ಬಿಸಿ ಉಗಿಯಲ್ಲ, ಬರೀ ಗಾಳಿ. ಅಂಗೈ ಒಡ್ಡಿದರೂ ಸುಡಲಿಲ್ಲ. ಗೇಜಿನ ಮುಳ್ಳು ನೋಡನೋಡುತ್ತಿದ್ದಂತೆ ಸೊನ್ನೆಗೆ ಬಿತ್ತು. ಗಾಳಿ ಹೊರಗೆ ಬಿಡುವ ಪುಟ್ಟ ವಾಲ್ವು ಸಿಕ್ಕಿಕೊಂಡಿತ್ತು. ಉಗಿಯ ಜೊತೆ ಗಾಳಿಯೂ ಸೇರಿ ಒತ್ತುತ್ತಿದ್ದುದರಿಂದ ನೀರು ಸರಿಯಾಗಿ ಕಾಯುವ ಮೊದಲೇ ಮುಳ್ಳು ಮೇಲೇರಿ, ಎಲ್ಲ ಸರಿಯಿದೆ ಎಂದು ತಿಳಿದ ಯಂತ್ರ ಕಾಯಿಸುವುದನ್ನು ನಿಲ್ಲಿಸಿಬಿಡುತ್ತಿತ್ತು.

"ಮುಳ್ಳು ಒತ್ತಡ ಹೇಳತೈತ್ರಿ ಬಾಯಾರ, ಕಾವು ಹೇಳೂದಿಲ್ಲ." ಸಿಸ್ಟರ್ ಪಕ್ಕದಲ್ಲೇ ನಿಂತು ಹೇಳಿದ ಹಾಗಾಯಿತು.

ಹತ್ತಿರ ಹತ್ತಿರ ನಲವತ್ತು ವರ್ಷದ ಹಿಂದೆ ನಾನು ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಹುನಗುಂದದ ಆ ಖಾಸಗಿ ಆಸ್ಪತ್ರೆಗೆ ಹೊಸದಾಗಿ ಸೇರಿದ್ದೆ. ಅಲ್ಲಿ ನಾನೊಬ್ಬಳೇ ಹೆಂಗಸು ಡಾಕ್ಟರು, ಹೆಂಗಸರ ಆಪರೇಷನ್ನುಗಳು ನನ್ನ ಪಾಲಿನವು. ಸಿಸ್ಟರ್ ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು, ಬದಾಮಿ ಕಡೆ ಶಿವಯೋಗ ಮಂದಿರದ ಹತ್ತಿರದ ಹಳ್ಳಿಯವರು. ಕೊರಳಲ್ಲಿ ಲಿಂಗದ ಕರಡಿಗೆ, ಅದು ಎಲ್ಲಿಯೂ ತಗಲದ ಹಾಗೆ ಬಿಗಿಯಾಗಿ ಸುತ್ತಿದ ಬಿಳಿ ಸೀರೆ. ಮಾತು ಕಡಿಮೆ. ಮನುಷ್ಯರ ಜೊತೆ ಆಡದ ಮಾತನ್ನೆಲ್ಲ ಆಟೊಕ್ಲೇವಿನ ಜೊತೆ ಆಡುತ್ತಿದ್ದರು. ಆಟೊಕ್ಲೇವ್ ಎಂದರೆ ಆಪರೇಷನ್ನಿನ ಕತ್ತರಿ, ಚಿಮಟ, ಬಟ್ಟೆಗಳನ್ನು ಉಗಿಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ದೊಡ್ಡ ಕುಕ್ಕರು. ಕಾದಾಗಲೆಲ್ಲ ಅದರ ಮುಚ್ಚಳದ ರಬ್ಬರಿನ ವಾಸನೆ ಕೋಣೆ ತುಂಬುತ್ತಿತ್ತು. ಹಾಲು ಬಿಡದ ಎಮ್ಮೆಯನ್ನು ರಮಿಸುವ ಹಾಗೆ, "ಏರು, ಇನ್ನೊಂದೀಟು ಏರು ನಮ್ಮವ್ವಾ" ಎಂದು ಅದನ್ನು ರಮಿಸುತ್ತಿದ್ದರು.

ಅವರದೊಂದು ಕ್ರಮವಿತ್ತು. ಮೊದಲು ಗಾಳಿಯ ನಳ ತೆರೆದಿಡುವುದು. ಅದು ಕೆಮ್ಮುತ್ತದೆ, ಉಗುಳುತ್ತದೆ, ಆಮೇಲೆ ಒಂದೇ ಸಮನೆ ಬಿಳಿ ಉಗಿ ಬಿಡುತ್ತದೆ. ಆಗಲೇ ನಳ ಮುಚ್ಚಿ, ಮುಳ್ಳು ಏರಿದ ಮೇಲೆ ಗಡಿಯಾರ ನೋಡುವುದು. ಅಷ್ಟಕ್ಕೇ ಬಿಡುತ್ತಿರಲಿಲ್ಲ. ಖಾಲಿ ಇಂಜೆಕ್ಷನ್ ಬಾಟಲಿಯೊಂದಕ್ಕೆ ಚಿಟಿಕೆ ಗಂಧಕದ ಪುಡಿ ಹಾಕಿ, ಬಟ್ಟೆಗಳ ನಟ್ಟನಡುವೆ ಹುದುಗಿಸಿ ಇಡುತ್ತಿದ್ದರು. ಕ್ರಿಮಿ ಸಾಯುವಷ್ಟು ಕಾವು ಒಳಗಿನವರೆಗೂ ಹೋಗಿದ್ದರೆ ಗಂಧಕ ಕರಗಿ, ಆರಿದ ಮೇಲೆ ಗಟ್ಟಿ ಹರಳಾಗಿರುತ್ತದೆ. ಪುಡಿ ಪುಡಿಯಾಗಿಯೇ ಉಳಿದಿದ್ದರೆ ಗೇಜು ಏನೇ ಹೇಳಲಿ, ಎಲ್ಲವನ್ನೂ ಮತ್ತೆ ಬೇಯಿಸಬೇಕು. ಸರ್ಜನ್ ಕೈ ತೊಳೆದುಕೊಂಡು ಕಾಯುತ್ತಿದ್ದರೂ ಸರಿ, ಆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡದೆ ಸಿಸ್ಟರ್ ಒಂದು ಚಿಮಟವನ್ನೂ ಕೊಡುತ್ತಿರಲಿಲ್ಲ. ಅಷ್ಟು ಹಟದ ಹೆಂಗಸನ್ನು ನಾನು ಆಮೇಲೆ ಯಾವ ದೊಡ್ಡ ಆಸ್ಪತ್ರೆಯಲ್ಲೂ ಕಾಣಲಿಲ್ಲ.

ನಾನು ಸೇರಿದ ಕೆಲವು ತಿಂಗಳಿಗೆ ಹೊಸ ಆಟೊಕ್ಲೇವ್ ಬಂತು. ಫಳಫಳ ಹೊಳೆಯುವ ಸ್ಟೀಲು, ತಟ್ಟೆಯಷ್ಟು ಅಗಲದ ಗೇಜು. ಗಾಳಿ ತಾನಾಗಿಯೇ ಹೋಗುತ್ತದೆ, ನೀವೇನೂ ಮುಟ್ಟಬೇಡಿ ಎಂದು ಅದನ್ನು ಜೋಡಿಸಿಕೊಡಲು ಬಂದ ಕಂಪನಿಯವನು ಹೇಳಿದ್ದ. ಸಿಸ್ಟರ್ ಆಗಲೂ ತಮ್ಮ ಬಾಟಲಿ ಇಟ್ಟರು. ಕರಗಿದ ಗಂಧಕ ಆರಲಿ ಎಂದು ಕಾಯುವುದರಲ್ಲಿ ಆ ದಿನದ ನನ್ನ ಮೊದಲ ಆಪರೇಷನ್ ತಡವಾಯಿತು. ಹೊಸ ಓದಿನ ಸೊಕ್ಕು ನನಗೆ. ಎಲ್ಲರ ಮುಂದೆ ಅಂದುಬಿಟ್ಟೆ: "ಸಿಸ್ಟರ್, ಗೇಜ್ ಏನ್ ಛಂದ ಕಾಣ್ಲಿ ಅಂತ ಹಚ್ಚ್ಯಾರೇನ್ರಿ? ಈ ಗಂಧಕದ ಆಟಾ ನಾಳಿಂದ ಬ್ಯಾಡ."

ಆಗಲೇ ಅವರು ಹೇಳಿದ್ದು, ಮುಳ್ಳು ಕಾವು ಹೇಳುವುದಿಲ್ಲ ಎಂಬ ಆ ಮಾತನ್ನು. ನಾನು ಕೇಳಿಸಿಕೊಳ್ಳಲಿಲ್ಲ. "ಆತ್ರಿ, ನೀವು ಹೇಳಿದಂಗ" ಎಂದು ಸಿಸ್ಟರ್ ಬಾಟಲಿಯನ್ನು ತೆಗೆದಿಟ್ಟರು.

ಮುಂದಿನ ಕೆಲವೇ ವಾರಗಳಲ್ಲಿ ನಾನು ಆಪರೇಷನ್ ಮಾಡಿದ ಮೂವರ ಹೊಲಿಗೆ ಕೀವಾಯಿತು. ಇಬ್ಬರು ಇಳಕಲ್ಲಿನ ನೇಕಾರರ ಮನೆಯವರು. ಅವರಿಗೆ ಬೇಗ ಮಾಗಿತು. ಗುಡೂರಿನ ಹೆಣ್ಣುಮಗಳು ಮಾತ್ರ ತಿಂಗಳುಗಟ್ಟಲೆ ನರಳಿದಳು. ಜೀವಕ್ಕೆ ಏನೂ ಆಗಲಿಲ್ಲ, ಅದೇ ಪುಣ್ಯ. ನಮ್ಮ ಕಡೆ ಡಾಕ್ಟರು ಎಷ್ಟು ಓದಿದ್ದಾರೆ ಎಂದು ಯಾರೂ ಕೇಳುವುದಿಲ್ಲ, ಕೈಗುಣ ಹೇಗಿದೆ ಎಂದು ಕೇಳುತ್ತಾರೆ. ಹೊಸ ಡಾಕ್ಟರಬಾಯಿಯ ಕೈಗುಣ ಚೆನ್ನಾಗಿಲ್ಲ ಎಂಬ ಮಾತು ಸಂತೆಗಳಲ್ಲಿ ಹಬ್ಬಿತು. ಒಂದು ವಾರ ನನ್ನ ಬಾಗಿಲಿಗೆ ಒಬ್ಬ ಹೆಂಗಸೂ ಬರಲಿಲ್ಲ. ನನ್ನ ಕೈಯಲ್ಲೇ ಏನೋ ಐಬಿದೆ ಎಂದು ನಾನೂ ನಂಬತೊಡಗಿದ್ದೆ. ರಾಜೀನಾಮೆಯ ಪತ್ರ ಬರೆದು ಟೇಬಲ್ಲಿನ ಮೇಲೆ ಇಟ್ಟುಕೊಂಡು ಕೂತಿದ್ದೆ.

ಆ ಬೆಳಿಗ್ಗೆ ಸಿಸ್ಟರ್ ಒಳಗೆ ಬಂದು ಪತ್ರದ ಮೇಲೆ ಬಾಟಲಿಯನ್ನು ಇಟ್ಟರು. ಹಿಂದಿನ ದಿನ ಯಾರಿಗೂ ಹೇಳದೆ ಅದನ್ನು ಬಟ್ಟೆಯ ನಡುವೆ ಹುದುಗಿಸಿದ್ದರು. ಒಳಗೆ ಗಂಧಕ ಪುಡಿ ಪುಡಿಯಾಗಿಯೇ ಇತ್ತು.

"ಉಗಿ ಅಲ್ರಿ, ಒಳಗ ಗಾಳಿ ಕುಂತೈತಿ. ನಿಮ್ಮ ಕೈಯಾಗ ಏನೂ ಇಲ್ಲ. ಈ ಕಾಗದಾ ಹರೀರಿ" ಎಂದರು.

ನನ್ನನ್ನು ಕರೆದುಕೊಂಡು ಹೋಗಿ, ಕಾಯಲು ಇಟ್ಟಿದ್ದ ಆಟೊಕ್ಲೇವಿನ ನಳ ಸಡಿಲಿಸಿ ತೋರಿಸಿದರು. ತಣ್ಣನೆಯ ಗಾಳಿ ಹೊರಬಂತು, ತಟ್ಟೆಯಗಲದ ಗೇಜಿನ ಮುಳ್ಳು ಸೊನ್ನೆಗೆ ಬಿತ್ತು. ಗಾಳಿಯನ್ನು ತಾನಾಗಿಯೇ ಬಿಡಬೇಕಿದ್ದ ವಾಲ್ವು ಯಾವಾಗಲೋ ಕೆಟ್ಟುಹೋಗಿತ್ತು. ನಾನು ಅಲ್ಲೇ ಅತ್ತುಬಿಟ್ಟೆ. ತಪ್ಪು ನನ್ನದು ಎಂದೆ. ಮರುದಿನ ಸಿಸ್ಟರ್ ರಜೆ ಕೇಳಿ ಹೋದರು.

ಅವರು ಹೋದದ್ದು ಎಲ್ಲಿಗೆ ಎಂದು ಗೊತ್ತಾದದ್ದು ವಾರದ ಮೇಲೆ, ಬಾಗಿಲಿನಲ್ಲಿ ಮತ್ತೆ ಹೆಂಗಸರು ಕಾಣಿಸಿಕೊಂಡಾಗ. "ನಿಮ್ಮ ಕೈ ತಪ್ಪಲ್ಲಂತಲ್ರಿ. ಆ ಸಿಸ್ಟರ್ ತಾನಾ ಮನಿ ಮನಿಗೆ ಬಂದು, ಸಾಮಾನು ಕುದಿಸಿದಾಕಿ ನಾನು, ತಪ್ಪು ನಂದು ಅಂತ ಹೇಳಿಹ್ವಾದ್ಲು" ಎಂದಳು ಒಬ್ಬ ಅಜ್ಜಿ. ನಾನು ಉಗಿಕೋಣೆಗೆ ಓಡಿದೆ. ಹೀಗೇಕೆ ಮಾಡಿದಿರಿ, ಬಾಟಲಿ ಬಿಡಿಸಿದವಳು ನಾನಲ್ಲವೇ ಎಂದು ಕೇಳಿದೆ. ಸಿಸ್ಟರ್ ಬಟ್ಟೆ ಮಡಚುತ್ತಲೇ ಇದ್ದರು.

"ನನಗ ಕೈಗುಣ ತೊಗೊಂಡು ಏನಾಗಬೇಕ್ರಿ? ಬೇಕಾದ್ದು ನಿಮಗ. ನೀವು ಹ್ವಾದ್ರ ಈ ಹೆಣ್ಣಮಕ್ಕಳು ತಮ್ಮ ಬ್ಯಾನಿ ಯಾರ ಮುಂದ ಹೇಳಬೇಕು? ಗಂಡಸ ಡಾಕ್ಟರ ಮುಂದ ಬಾಯಿ ಬಿಡೂದಿಲ್ಲ ಅವರು. ಒಳಗಾ ಸಾಯ್ತಾರ."

ಇಷ್ಟು ದೊಡ್ಡ ಮಾತನ್ನು ಅವರು ಅಷ್ಟು ಸಾದಾ ಆಗಿ ಹೇಳಿದರು. ನಾನು ಓದಿದ ಯಾವ ಪುಸ್ತಕವೂ ನನ್ನನ್ನು ಡಾಕ್ಟರ್ ಮಾಡಲಿಲ್ಲ. ಮಾಡಿದ್ದು ಆ ಮಾತು.

ಬೆಲೆ ಕೊಟ್ಟವರೂ ಅವರೇ. ಊರಿನ ಮಾತು ಕಿವಿಗೆ ಬಿದ್ದು, ಆಸ್ಪತ್ರೆ ನಡೆಸುತ್ತಿದ್ದ ಹಿರಿಯ ಡಾಕ್ಟರು ಸಿಸ್ಟರನ್ನು ಥಿಯೇಟರಿನಿಂದ ತೆಗೆದು ಹೊರಗೆ ಚೀಟಿ ಬರೆದು ಇಂಜೆಕ್ಷನ್ ಕೊಡುವ ಟೇಬಲ್ಲಿಗೆ ಕೂಡಿಸಿದರು. ಅಲ್ಲಿಯೂ ಕೆಲವರು, "ಆ ಸಿಸ್ಟರ್ ಕೈಲೆ ಸೂಜಿ ಬ್ಯಾಡ್ರಿ" ಎನ್ನುತ್ತಿದ್ದರು. ಅವರು ಎದ್ದು ಬೇರೆಯವರನ್ನು ಕರೆಯುತ್ತಿದ್ದರು. ಆದರೂ ದಿನಾ ಡ್ಯೂಟಿಗೆ ಒಂದು ತಾಸು ಮೊದಲೇ ಬಂದು, ಹೊಸ ಹುಡುಗಿಯ ಪಕ್ಕದಲ್ಲಿ ನಿಂತು, ನಳ ತೆರೆಸಿ, ಗಾಳಿ ಬಿಡಿಸಿ, ಬಾಟಲಿ ನೋಡಿದ ಮೇಲೆಯೇ ತಮ್ಮ ಟೇಬಲ್ಲಿಗೆ ಹೋಗುತ್ತಿದ್ದರು. ಆಮೇಲೆ ನನ್ನ ಒಂದು ಹೊಲಿಗೆಯೂ ಕೀವಾಗಲಿಲ್ಲ. ನನ್ನ ಕೈಗುಣ ಬಾಗಲಕೋಟೆಯವರೆಗೂ ಹೆಸರಾಯಿತು.

ಮತ್ತೆ ನಾನು? ಹಿರಿಯ ಡಾಕ್ಟರ ಹತ್ತಿರ ನಿಜ ಹೇಳಬೇಕು ಎಂದುಕೊಂಡೆ. ಇವತ್ತು ಬೇಡ, ಹೆಸರು ಸ್ವಲ್ಪ ಗಟ್ಟಿಯಾಗಲಿ ಎಂದುಕೊಂಡೆ. ಗಟ್ಟಿಯಾದ ಮೇಲೆ, ಈಗೇಕೆ ಹಳೆಯದನ್ನು ಕೆದಕುವುದು ಎಂದುಕೊಂಡೆ… ಸಿಸ್ಟರ್ ಒಂದು ದಿನವೂ ಕೇಳಲಿಲ್ಲ. ನಿವೃತ್ತಿಯಾಗಿ ಊರಿಗೆ ಹೋಗುವಾಗ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು, "ಚಲೋ ಇರ್ರಿ ಬಾಯಾರ" ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗಲೂ ನಾನು ಹೋಗಲಿಲ್ಲ. ಮೊಣಕಾಲು ನೋವು ಎಂದು ಮನೆಯವರಿಗೆ ಹೇಳಿದೆ. ನಿಜವಾಗಿ ನನಗೆ ನಾಚಿಕೆಯಾಗಿತ್ತು.

ಕಾಫಿ ಯಂತ್ರದಿಂದ ಗಾಳಿ ಹೊರಬಂದ ಆ ಬೆಳಿಗ್ಗೆ ಇನ್ನು ತಡೆಯಲು ಆಗಲಿಲ್ಲ. ಮರುದಿನವೇ ಗುಡೂರಿಗೆ ಹೊರಟೆ. ಇಳಕಲ್ಲಿನ ಆ ಇಬ್ಬರೂ ಈಗಿಲ್ಲ ಎಂದು ಗೊತ್ತಿತ್ತು, ಉಳಿದಿದ್ದವಳು ತಿಂಗಳುಗಟ್ಟಲೆ ನರಳಿದ್ದ ಗುಡೂರಿನವಳೊಬ್ಬಳೇ. ಕೂದಲು ಬೆಳ್ಳಗಾಗಿತ್ತು, ಆದರೂ ನನ್ನನ್ನು ದೂರದಿಂದಲೇ ಗುರುತು ಹಿಡಿದಳು. "ಅಯ್ಯ, ಡಾಕ್ಟರಬಾಯಾರು! ಬರ್ರಿ, ಕುಂದರ್ರಿ" ಎಂದು ಕಟ್ಟೆಯ ಮೇಲೆ ಜಮಖಾನೆ ಹಾಸಿ, ಒಳಗೆ ಓಡಿ ಬೆಲ್ಲ, ನೀರು ತಂದಳು. ನಾನು ಲೋಟ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಬಾಟಲಿ ಇಡುವುದನ್ನು ಬಿಡಿಸಿದವಳು ನಾನು, ಗೇಜನ್ನು ನಂಬಬೇಡಿ ಎಂದು ತಿಳಿಹೇಳಿದವರು ಸಿಸ್ಟರ್, ಅವರು ಇಲ್ಲಿಗೆ ಬಂದು ಒಪ್ಪಿಕೊಂಡ ತಪ್ಪು ನನ್ನದು ಎಂದೆ.

ಅವಳು ನನ್ನನ್ನು ಬೈಯಲಿ ಎಂದು ಕಾದೆ.

"ಖರೆ ಹೇಳ್ತೀರೇನ್ರಿ?"

"ಖರೆ ಐತಿ ಯವ್ವಾ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅವತ್ತ ಭಾಳ ಬಿಸಲಿತ್ರಿ. ಬಸ್ ಸ್ಟ್ಯಾಂಡಿನಿಂದ ನಡಕೋಂತ ಬಂದಿದ್ಲು ಆಕಿ. ಈಗ ನೀವು ಕುಂತೀರಲ್ಲ, ಅಲ್ಲೇ ನಿಂತಿದ್ಲು. ನಾ ಕುಂದ್ರು ಅನ್ನಲಿಲ್ಲ. ಹೇಳೂದೆಲ್ಲಾ ಹೇಳಿ, ಕುಡಿಯಾಕ ಒಂದೀಟು ನೀರು ಕೊಡ್ರಿ ಅಂದ್ಲು… ನಾ ಕೊಡಲಿಲ್ರಿ ಬಾಯಾರ. ಬಾಗಲಾ ಹಾಕ್ಕೊಂಡೆ."

ನನ್ನ ಕೈಯಲ್ಲಿದ್ದ ಲೋಟದ ನೀರನ್ನು ಕುಡಿಯಲು ನನ್ನಿಂದಾಗಲಿಲ್ಲ.