ನಾಲ್ಕು ಬೆರಳು ಉದ್ದದ ಸೂಟು

ಬೆಂಕಿ ಹತ್ತಬಹುದಾದ ಕಾರಿನೊಳಗೆ ಕುಳಿತು, ಆರು ಪಟ್ಟಿಗಳಿಂದ ತನ್ನನ್ನು ತಾನೇ ಬಿಗಿದುಕೊಳ್ಳುವ ವಿದ್ಯೆಯನ್ನು ನನ್ನ ಮಗಳ ಮಗಳು ಎಂಜಿನಿಯರಿಂಗ್ ಮುಗಿಸಿದ ಮೇಲೆ ಕಲಿತಳು. ಅದಕ್ಕೆ ಕಾರ್ ರೇಸು ಎನ್ನುತ್ತಾರಂತೆ. ಅಷ್ಟರವರೆಗೆ ಕಲಿತದ್ದು ಸಾಲದು ಅನಿಸಿರಬೇಕು. ಪುಣೆಯ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಇಪ್ಪತ್ತೆಂಟು ವರ್ಷ ಸಿಸ್ಟರ್ ಆಗಿದ್ದ ನನಗೆ ಈ ಸುದ್ದಿಯನ್ನು ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಹೇಳಿದರು. ಅವರ ವಿವೇಕವನ್ನು ಮೆಚ್ಚಬೇಕು.

ನಾನು ಕೂಗಾಡಲಿಲ್ಲ. ವಾರ್ಡಿನಲ್ಲಿ ಕೂಗಾಡುವ ಹಕ್ಕು ರೋಗಿಗಳಿಗೆ ಮಾತ್ರ ಇರುತ್ತದೆ. ಮೈಮೇಲೆ ಏನು ಹಾಕಿಕೊಳ್ಳುತ್ತೀ ಎಂದಷ್ಟೇ ಕೇಳಿದೆ. ಸ್ಟೋವಿನ ಮುಂದೆ ಹತ್ತಿ ಸೀರೆ ಉಟ್ಟವಳಿಗೂ ನೈಲಾನ್ ಸೀರೆ ಉಟ್ಟವಳಿಗೂ ಇರುವ ವ್ಯತ್ಯಾಸವನ್ನು ನಾನು ಇಕ್ಕಳ ಹಿಡಿದು ಕಲಿತವಳು. ಹತ್ತಿ ಉರಿದು ಬೂದಿಯಾಗುತ್ತದೆ. ನೈಲಾನ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಊಟಕ್ಕೆ ಮೊದಲು ಓದುವವರೂ ಇರಬಹುದೆಂದು ಮುಂದಿನದನ್ನು ಹೇಳದೆ ಬಿಟ್ಟಿದ್ದೇನೆ.

ಅವಳು ತೆಗೆದು ತೋರಿಸಿದಳು. ಬೆಂಕಿಯನ್ನು ಸ್ವಲ್ಪ ಹೊತ್ತು ತಡೆಯುವ ಎರಡು ಪದರದ ಸೂಟು, ಒಳಗೆ ಅಂಥದ್ದೇ ಉದ್ದ ತೋಳಿನ ಒಳಉಡುಪು, ಕಣ್ಣು ಮಾತ್ರ ಕಾಣಿಸುವ ಟೋಪಿ. ಡಿಸೆಂಬರಿನ ಚಳಿಯಲ್ಲಿ ಮಂಕಿ ಕ್ಯಾಪ್ ಹಾಕಿಕೋ ಎಂದರೆ ಮರ್ಯಾದೆ ಹೋಗುತ್ತದೆ ಎನ್ನುತ್ತಿದ್ದ ಹುಡುಗಿ, ಮೇ ತಿಂಗಳ ಬಿಸಿಲಿನಲ್ಲಿ ಅದನ್ನೇ ಧರಿಸಲು ತುದಿಗಾಲಲ್ಲಿ ನಿಂತಿದ್ದಳು. ಕಾರು ಒಂದು ಹಳೆಯ ಸಣ್ಣ ಗಾಡಿ. ಒಳಗೆ ಚಾಲಕನದೊಂದನ್ನು ಬಿಟ್ಟು ಸೀಟುಗಳನ್ನೆಲ್ಲ ಕಿತ್ತು ಉಕ್ಕಿನ ಪಂಜರ ಕೂಡಿಸಿದ್ದರು. ಗುಂಡಿ ಒತ್ತಿದರೆ ಬೆಂಕಿ ನಂದಿಸುವ ಸಿಲಿಂಡರ್ ಕೂಡ ಇತ್ತು. ಇಷ್ಟೆಲ್ಲ ಇದ್ದ ಮೇಲೆ ಅಪಾಯ ಎಲ್ಲಿದೆ ಎಂದು ನನ್ನ ಅಳಿಯ ಕೇಳಿದ. ಅಪಾಯ ಇಲ್ಲದಿದ್ದರೆ ಇಷ್ಟೆಲ್ಲ ಯಾಕಿದೆ ಎಂದು ನಾನು ಕೇಳಿದೆ. ಆತ ಪೇಪರ್ ಓದತೊಡಗಿದ.

ಸ್ಪರ್ಧೆಗೆ ಮೊದಲು ಒಂದು ಪರೀಕ್ಷೆ ಇರುತ್ತದೆ. ಪಟ್ಟಿ ಬಿಗಿದು ಕುಳಿತ ಚಾಲಕ ತಾನೇ ಬಿಚ್ಚಿಕೊಂಡು, ಸ್ಟಿಯರಿಂಗ್ ಕಳಚಿಟ್ಟು, ಹತ್ತು ಸೆಕೆಂಡಿನೊಳಗೆ ಕಾರಿನಿಂದ ಹೊರಗೆ ನಿಲ್ಲಬೇಕು. ನಿಲ್ಲದಿದ್ದರೆ ಟ್ರ್ಯಾಕಿಗೆ ಬಿಡುವುದಿಲ್ಲ. ಇದು ನನಗೆ ಇಡೀ ಕ್ರೀಡೆಯಲ್ಲಿ ಸಿಕ್ಕ ಏಕೈಕ ಬುದ್ಧಿವಂತ ನಿಯಮ. ಎರಡು ತಿಂಗಳು ಪ್ರತಿದಿನ ಬೆಳಿಗ್ಗೆ ಆರೂಕಾಲಿಗೆ ಪುಣೆಯ ಕೋಥರೂಡದ ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ಆ ಗಾಡಿಯ ಪಕ್ಕ ನಿಂತು, ನಾಡಿ ನೋಡುತ್ತಿದ್ದ ಕೈಗಡಿಯಾರದಲ್ಲಿ ಎಣಿಸಿದೆ. ಮೊದಲ ದಿನ ಹದಿನೇಳು ಸೆಕೆಂಡು. ತಿಂಗಳ ಕೊನೆಗೆ ಹತ್ತು. ಆಮೇಲೆ ಎಂಟು. ಸೊಸೈಟಿಯ ಸೆಕ್ರೆಟರಿ ಒಂದು ದಿನ ಬಂದು, ಹುಡುಗಿಗೆ ಕಾರಿನಲ್ಲಿ ಕೂತರೆ ಉಸಿರು ಕಟ್ಟುತ್ತದೆಯೇ ಎಂದು ಮರಾಠಿಯಲ್ಲಿ ಕನಿಕರದಿಂದ ವಿಚಾರಿಸಿದರು.

ಸೂಟು ಒಬ್ಬ ಎತ್ತರದ ಸ್ಪರ್ಧಿ ಬಿಟ್ಟುಕೊಟ್ಟದ್ದು. ಅದರ ಕಾಲು ಅವಳಿಗೆ ನಾಲ್ಕು ಬೆರಳು ಉದ್ದ. ಉದ್ದವಾದದ್ದು ಕಂಡರೆ ನಮ್ಮ ಮನೆತನದ ಹೆಂಗಸರ ಕೈ ಸುಮ್ಮನಿರುವುದಿಲ್ಲ. ಸ್ಪರ್ಧೆಯ ಹಿಂದಿನ ವಾರ ಹೊಲಿಗೆ ಮಷಿನ್ ಹೊರಗೆಳೆದು, ಅಂಚನ್ನು ಒಳಗೆ ಮಡಚಿ, ಬಣ್ಣ ಹೊಂದುವ ದಾರದಿಂದ ಎರಡು ಸಾಲು ಹೊಲಿದುಕೊಟ್ಟೆ. ಮೊಮ್ಮಗಳು ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿದಳು. ನಾನು ನನ್ನ ಅಚ್ಚುಕಟ್ಟುತನವನ್ನು ನಾನೇ ಮೆಚ್ಚಿಕೊಂಡೆ.

ಟ್ರ್ಯಾಕ್ ಸೋಲಾಪುರ ರಸ್ತೆಯಲ್ಲಿ ಹಡಪಸರ ದಾಟಿ ಬಹಳ ದೂರ. ಬೆಳಿಗ್ಗೆ ಕಾರು, ಹೆಲ್ಮೆಟ್, ಸೂಟು ಎಲ್ಲ ತಪಾಸಣೆಯಾಯಿತು. ಎಂಟು ಸೆಕೆಂಡಿನಲ್ಲಿ ಹೊರಬಂದು ಅವಳು ಪಾಸಾದಳು. ಅರ್ಹತಾ ಸುತ್ತು ಹನ್ನೊಂದಕ್ಕೆ. ಯಾರು ಎಷ್ಟು ಬೇಗ ಓಡಿಸುತ್ತಾರೋ ಅವರಿಗೆ ರೇಸಿನಲ್ಲಿ ಮುಂದಿನ ಸಾಲು. ಅಭ್ಯಾಸದಲ್ಲಿ ಇಬ್ಬರ ಹೊರತು ಅವಳಿಗಿಂತ ವೇಗದವರು ಯಾರೂ ಇರಲಿಲ್ಲ.

ಹತ್ತೂವರೆಗೆ ಪಕ್ಕದ ಶೆಡ್ಡಿನಲ್ಲಿ ತಪಾಸಣೆ ಅಧಿಕಾರಿಯ ದನಿ ಏರಿತು. ಅಲ್ಲೊಬ್ಬ ತರುಣ ತನ್ನ ಅಪ್ಪನ ಮಿಠಾಯಿ ಅಂಗಡಿಯ ಲಾಂಛನವನ್ನು ಸೂಟಿನ ಎದೆಗೆ ಹೊಲಿಸಿಕೊಂಡು ಬಂದಿದ್ದ. ಬಟ್ಟೆ ಬೆಂಕಿ ತಡೆದರೂ ಮಾಮೂಲಿ ದಾರ ಕರಗಿ, ಹೊಲಿಗೆಯ ತೂತುಗಳಿಂದ ಒಳಗೆ ಇಳಿದು ಸುಡುತ್ತದೆ ಎಂದು ಅಧಿಕಾರಿ ವಿವರಿಸುತ್ತಿದ್ದರು. ದಾರವೂ ಬೆಂಕಿ ತಡೆಯುವಂಥದ್ದೇ ಆಗಿರಬೇಕಂತೆ. ನಾನು ತಲೆದೂಗಿದೆ. ಸರಿಯಾಗಿ ಹೇಳಿದರು, ಈಗಿನ ಹುಡುಗರಿಗೆ ತಿಳಿವಳಿಕೆ ಎಲ್ಲಿದೆ ಅಂದುಕೊಂಡೆ. ಅಷ್ಟು ಅಂದುಕೊಂಡು ಮುಗಿಸುವಷ್ಟರಲ್ಲಿ ನನ್ನ ಹೊಲಿಗೆ ಡಬ್ಬಿ ಕಣ್ಣ ಮುಂದೆ ಬಂತು. ಅದರಲ್ಲಿ ಇರುವುದೆಲ್ಲ ಪಾಲಿಸ್ಟರ್ ದಾರ.

ಅಂದರೆ ಇಪ್ಪತ್ತೆಂಟು ವರ್ಷ ಚರ್ಮದಿಂದ ನೈಲಾನ್ ಬಿಡಿಸಿದ ಮಹಾತಾಯಿ, ಸ್ವಂತ ಮೊಮ್ಮಗಳ ಎರಡೂ ಕಣಕಾಲಿನ ಸುತ್ತ ಕರಗುವ ದಾರವನ್ನು, ಅದೂ ಎರಡೆರಡು ಸಾಲು, ಪ್ರೀತಿಯಿಂದ ಹೊಲಿದಿದ್ದಳು. ಮಡಿಕೆ ಒಳಗಿದ್ದು, ದಾರದ ಬಣ್ಣ ಬಟ್ಟೆಯದೇ ಆಗಿದ್ದುದರಿಂದ ತಪಾಸಣೆಯಲ್ಲಿ ಯಾರಿಗೂ ಕಂಡಿರಲಿಲ್ಲ.

ಮೊಮ್ಮಗಳನ್ನು ಬದಿಗೆ ಕರೆದು ಹೇಳಿದೆ. ಅವಳು ಗಡಿಯಾರ ನೋಡಿದಳು.

"ಪಾಸ್ ಆಗ್ಯದ ಅಜ್ಜಿ. ಇನ್ನ ಸುಮ್ನಿರು."

"ಪಾಸ್ ಆಗ್ಯದಂತ ದಾರಕ್ಕ ಗೊತ್ತಿಲ್ಲ."

"ನಾಲ್ಕು ಬೆರಳ ಹೊಲಿಗಿಗೆ ಏನಾಗ್ತದ? ಈಗ ಬಿಚ್ಚಿದ್ರ ಎಲ್ಲಾ ಮತ್ತ ಮೊದಲಿಂದ. ನನ್ನ ಸುತ್ತು ಹೋಗ್ತದ."

ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ವರ್ಷವಿಡೀ ಕಾದ ದಿನ ಅದು. ಬೇರೆ ಅಜ್ಜಿಯಾಗಿದ್ದರೆ ದೇವರ ಹೆಸರು ಹೇಳಿ ಕಣ್ಣು ಮುಚ್ಚುತ್ತಿದ್ದಳು. ನಾನು ನೇರವಾಗಿ ಅಧಿಕಾರಿಯ ಮೇಜಿಗೆ ಹೋಗಿ, ನನಗೆ ಬಂದ ಮರಾಠಿಯಲ್ಲಿ ತಪ್ಪೊಪ್ಪಿಕೊಂಡೆ. ಅವರು ನನ್ನ ಉಚ್ಚಾರ ಕೇಳಿ ಕನ್ನಡಕ್ಕೆ ಇಳಿದರು, ಬೆಳಗಾವಿಯ ಕಡೆಯವರು. ಎಲ್ಲಿ ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ಹೇಳಿದೆ.

"ಸುಟ್ಟವರ ವಾರ್ಡಿನ್ಯಾಗ ಇದ್ದು ಪಾಲಿಸ್ಟರ್ ದಾರ ಹಾಕೀರೇನ್ರಿ ಬಾಯಾರ?"

"ಹಾಕೀನ್ರಿ."

ಅವರು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಒಂದೆಳೆ ದಾರವೂ ಉಳಿಯದಂತೆ ಬಿಚ್ಚಿ ತೋರಿಸಬೇಕು, ಕಾಲು ಉದ್ದವಾಗುವುದರಿಂದ ಹೊರಬರುವ ಪರೀಕ್ಷೆ ಮತ್ತೊಮ್ಮೆ ಆಗಬೇಕು ಎಂದರು.

ಪರ್ಸಿನಲ್ಲಿ ಸಣ್ಣ ಕತ್ತರಿ ಸದಾ ಇರುತ್ತದೆ. ಟೈರಿನ ಮೇಲೆ ಕುಳಿತು ಅವಳ ಪಾದದ ಬಳಿ ಬಗ್ಗಿದೆ. ಬೇರೆಯವರ ಹೊಲಿಗೆಯಾಗಿದ್ದರೆ ಎಳೆದ ತಕ್ಷಣ ಬಿಡುತ್ತಿತ್ತು. ನನ್ನದು ಒತ್ತೊತ್ತಾದ ಸಣ್ಣ ಹೊಲಿಗೆ, ಎರಡು ಸಾಲು, ತುದಿಗೆ ಗಂಟು. ನನ್ನ ಜೀವನದಲ್ಲಿ ಕಳಪೆ ಕೆಲಸದ ಬಗ್ಗೆ ಗೌರವ ಹುಟ್ಟಿದ್ದು ಆ ಮುಕ್ಕಾಲು ಗಂಟೆಯಲ್ಲಿ. ಬಟ್ಟೆ ಕತ್ತರಿಸದೆ ಮಡಚಿದ್ದೆ, ಅದೊಂದೇ ಪುಣ್ಯ. ಮೊಮ್ಮಗಳು ಟ್ರ್ಯಾಕಿನ ಕಡೆ ನೋಡುತ್ತ ನಿಂತಿದ್ದಳು. ಅಲ್ಲಿ ಉಳಿದವರ ಕಾರುಗಳು ಆಗಲೇ ಸುತ್ತು ಹಾಕುತ್ತಿದ್ದವು.

ಪರೀಕ್ಷೆಯಲ್ಲಿ ಮೊದಲ ಸಲ ಸೂಟಿನ ಅಂಚು ಪೆಡಲಿಗೆ ಸಿಕ್ಕಿತು. ಹನ್ನೊಂದು ಸೆಕೆಂಡು. ಇನ್ನೊಂದೇ ಅವಕಾಶ ಎಂದರು ಅಧಿಕಾರಿ. ಎರಡನೆಯ ಸಲ ಅವಳೇ ಯೋಚಿಸಿ, ಮೊದಲು ಎರಡೂ ಮೊಣಕಾಲನ್ನು ಎದೆಗೆ ಎಳೆದುಕೊಂಡು, ಆಮೇಲೆ ಪಂಜರದ ಸರಳು ಹಿಡಿದು ಹೊರಗೆ ಉರುಳಿದಳು. ಒಂಬತ್ತು. ಅಧಿಕಾರಿ ಕಾಗದಕ್ಕೆ ಸಹಿ ಹಾಕಿದರು. ಅರ್ಹತಾ ಸುತ್ತು ಮುಗಿದು ಐದು ನಿಮಿಷವಾಗಿತ್ತು.

ಹಾಗಾಗಿ ರೇಸಿನಲ್ಲಿ ಎಲ್ಲರಿಗಿಂತ ಹಿಂದೆ, ಹದಿನಾಲ್ಕನೆಯವಳಾಗಿ ಹೊರಟಳು. ಎಂಟನೆಯವಳಾಗಿ ಬಂದಳು. ಆ ದಿನ ಯಾರ ಕಾರಿಗೂ ಬೆಂಕಿ ಹತ್ತಲಿಲ್ಲ, ಹೊಗೆ ಕೂಡ ಏಳಲಿಲ್ಲ. ನನ್ನ ಸತ್ಯಸಂಧತೆಯಿಂದ ಏನೂ ಉಪಯೋಗವಾಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ವಾರ್ಡಿನಲ್ಲಿ ನಾನು ಏನೂ ಆಗದವರನ್ನು ಒಬ್ಬರನ್ನೂ ನೋಡಿರಲಿಲ್ಲ. ಅಂಥವರು ಅಲ್ಲಿಗೆ ಬರುವುದಿಲ್ಲ. ಅವತ್ತು ಮೊದಲ ಬಾರಿ ಒಬ್ಬಳನ್ನು ನೋಡಿದೆ: ಬೆವರಿ ತೊಯ್ದು, ಮುಖ ಊದಿಸಿಕೊಂಡು, ನನ್ನ ಕಡೆ ತಿರುಗದೆ ಹೆಲ್ಮೆಟ್ ಬಿಚ್ಚುತ್ತಿದ್ದಳು.

ಮರಳಿ ಬರುವಾಗ ಹಡಪಸರದ ಗದ್ದಲದಲ್ಲಿ ಅವಳು ಓಡಿಸುತ್ತಿದ್ದ ಮನೆಯ ಕಾರು ನಿಂತಲ್ಲೇ ನಿಂತಿತು. ಅಲ್ಲಿ ಬಾಯಿ ಬಿಟ್ಟಳು.

"ನಾ ಮುಂದಿನ ಸಾಲಿನ್ಯಾಗ ಇರಬೇಕಿತ್ತು."

"ಹೌದು."

"ನೀ ಸುಮ್ನಿದ್ದಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ."

"ಹೌದು."

ಎರಡನ್ನೂ ನಾನು ಒಪ್ಪಿಕೊಂಡದ್ದರಿಂದ ಜಗಳಕ್ಕೆ ಏನೂ ಉಳಿಯಲಿಲ್ಲ. ಮುಂದೆ ನಿಂತಿದ್ದ ಬಸ್ಸು ಒಂದು ಮಾರು ಸರಿಯಿತು, ನಾವೂ ಸರಿದೆವು. ಮುಂದಿನ ರೇಸಿಗೆ ನನ್ನ ಅಳತೆಯದೇ ಸೂಟು ತರುತ್ತೇನೆ, ನೀನು ಅದನ್ನು ಮುಟ್ಟಕೂಡದು ಎಂದಳು. ಆಗಲಿ ಎಂದೆ. ಆ ದಿನ ಎಷ್ಟು ಗಂಟೆಗೆ ಹೊರಡುವುದು ಎಂದೂ ಕೇಳಿದೆ.

ಅವಳು ಎರಡು ಸಲ ಹಾರ್ನ್ ಒತ್ತಿದಳು. ಆಮೇಲೆ, "ಐದಕ್ಕ ತಯಾರಿರು" ಎಂದಳು.