ದೊಡ್ಡವ್ವನ ಗೋಡೆಯ ಮೇಲಿನ ಇದ್ದಿಲ ಗೆರೆಗಳು

ಹಿರೋಳ್ಳಿಯಲ್ಲಿ ನನ್ನ ದೊಡ್ಡವ್ವ ಎಲುಬು ಕೂಡಿಸುತ್ತಿದ್ದಳು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾನು ಆ ವಿದ್ಯೆ ಕಲಿಯಲು ಅವಳ ಬಳಿ ಇದ್ದೆ. ಆಳಂದದ ಸರಕಾರಿ ದವಾಖಾನೆಗೆ ಹೋಗಲು ಹೆದರುವವರೆಲ್ಲ ನಮ್ಮ ಪಡಸಾಲೆಗೆ ಬಂದು ಬೀಳುತ್ತಿದ್ದರು. ಕೂಡಿಸುವುದು ಅರ್ಧ ಕೆಲಸ ಮಾತ್ರ. ಕಟ್ಟು ಬಿಚ್ಚಿದ ಮೇಲೆ ಕುಸುಬಿ ಎಣ್ಣೆ ಬಿಸಿ ಮಾಡಿ ತಿಕ್ಕಬೇಕು, ಬಿಗಿದ ಕೀಲನ್ನು ದಿನವೂ ಬಗ್ಗಿಸಬೇಕು, ಇಲ್ಲವಾದರೆ ಅದು ಹಾಗೇ ಗಟ್ಟಿಯಾಗಿ ನಿಂತುಬಿಡುತ್ತದೆ. ತೋಳು ಮುರಿದವರು ಗೋಡೆಯ ಮೇಲೆ ಬೆರಳುಗಳನ್ನು ನಡೆಸಿಕೊಂಡು ಮೇಲಕ್ಕೆ ಹೋಗಬೇಕು. ಎಲ್ಲಿಗೆ ಮುಟ್ಟಿತೋ ಅಲ್ಲಿ ದೊಡ್ಡವ್ವ ಇದ್ದಿಲಿನಿಂದ ಗೆರೆ ಎಳೆಯುವಳು. ನಾಳೆ ಅದನ್ನು ದಾಟದಿದ್ದರೆ ಬೈಗುಳದ ಮಳೆ.

ಜೋಳದ ರಾಶಿಯ ಕಾಲದ ಒಂದು ವಾರ ನಮಗೆ ಉಸಿರಾಡಲು ಪುರಸೊತ್ತಿರಲಿಲ್ಲ. ಬದುವಿನ ಜಗಳದಲ್ಲಿ ಕೊಡಲಿಯ ಕಾವಿನಿಂದ ಬಡಿದಾಡಿಕೊಂಡ ಅಣ್ಣತಮ್ಮಂದಿರನ್ನು ಒಂದೇ ಬಂಡಿಯಲ್ಲಿ ಹಾಕಿಕೊಂಡು ಬಂದರು. ಅಣ್ಣನ ಮೊಣಕೈ ಹಿಂದಕ್ಕೆ ತಿರುಗಿತ್ತು, ತಮ್ಮನ ಕಾಲೆಲುಬು ಚರ್ಮ ಸೀಳಿಕೊಂಡು ಹೊರಗಿಣುಕುತ್ತಿತ್ತು. ನೋವಿನಲ್ಲೂ ಒಬ್ಬರಿಗೊಬ್ಬರು ಉಗುಳುತ್ತಿದ್ದರು. ಎಲುಬು ಹೊರಬಿದ್ದ ತಮ್ಮನನ್ನು ದೊಡ್ಡವ್ವ ಮುಟ್ಟಲಿಲ್ಲ, ಅದೇ ಬಂಡಿಯಲ್ಲಿ ಆಳಂದಕ್ಕೆ ಅಟ್ಟಿದಳು. ಅಣ್ಣನ ಎದೆಯ ಮೇಲೆ ನನ್ನನ್ನು ಕೂರಿಸಿ ಮೊಣಕೈ ಎಳೆದಳು. ಅವನು ನನ್ನ ಹೆಗಲು ಕಚ್ಚಿದ. ನಾನು ಅವನ ಮುಸುಡಿಗೆ ಗುದ್ದಿದೆ. ಅಂಥ ಕಲಿಕೆ ನಮ್ಮದು.

ಆ ಗದ್ದಲದ ನಡುವೆ ಒಬ್ಬಳು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಖಜೂರಿಗೆ ಕೊಟ್ಟ ಹುಡುಗಿ, ತವರು ಅತನೂರ. ಬೇಳೆಗೆ ಉಪ್ಪು ಕಡಿಮೆಯಾಯಿತೆಂದು ಗಂಡ ಒನಕೆಯಿಂದ ಹೊಡೆದು ಬಲಗೈ ಮಣಿಕಟ್ಟು ಮುರಿದಿದ್ದ. ಒಂದೂವರೆ ತಿಂಗಳ ಹಿಂದೆ ತಾನೇ ತಂದು ಬಿಟ್ಟೂ ಹೋಗಿದ್ದ, ರೊಟ್ಟಿ ಬಡಿಯುವ ಕೈ ಬೇಕಲ್ಲ. ಹೆಂಗಸರ ಕೈಗೆ ದೊಡ್ಡವ್ವನ ಪರೀಕ್ಷೆ ಒಂದೇ. ಕರೆದೊಯ್ಯಲು ಬಂದವರ ಮುಂದೆ ಜೋಳದ ರೊಟ್ಟಿ ಬಡಿಯಬೇಕು. ಹಂಚಿನಗಲ ಹರಡಿಯೂ ಅಂಚು ಸೀಳದಿದ್ದರೆ ಬಿಡುಗಡೆ.

ಆ ವಾರ ಅವಳ ಮಣಿಕಟ್ಟು ಸಲೀಸಾಗಿ ತಿರುಗತೊಡಗಿತು. ಎಣ್ಣೆ ತಿಕ್ಕುವಾಗ ನನಗೇ ಗೊತ್ತಾಯಿತು. ಅವಳು ನನ್ನ ಸೆರಗು ಹಿಡಿದಳು.

"ಅಕ್ಕಾ, ಕೈ ನೆಟ್ಟಗಾಗೇದಂತ ಅವಗ ಹೇಳಬ್ಯಾಡ. ಈ ಸಲ ಒಯ್ದರ ತಲಿಗೇ ಹೊಡೀತಾನ."

ನಾನು ಹೇಳಲಿಲ್ಲ. ದೊಡ್ಡವ್ವನಿಗೆ ಹೇಳುವ ಅಗತ್ಯವೇ ಇರಲಿಲ್ಲ. ಬೆಳಗಿನ ಬುಟ್ಟಿ ತುಂಬ ರೊಟ್ಟಿ ಬಡಿದಿಟ್ಟವಳು ಇವಳೇ ಎಂದು ಅವಳು ಕಂಡಿದ್ದಳು.

ವಾರದ ಕೊನೆಗೆ ಗಂಡ ಬಂದ. ಬಾಗಿಲಿಗೆ ಬಂದವರಿಗೆ ಊಟಕ್ಕಿಡದೆ ಮಾತಾಡಿಸುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ದೊಡ್ಡವ್ವ ಬುಟ್ಟಿಯಿಂದಲೇ ರೊಟ್ಟಿ, ಖಾರ ಬಡಿಸಿದಳು. ಅವನು ಉಣ್ಣುತ್ತಿರುವಾಗ ಹುಡುಗಿ ಹಿಟ್ಟು ನಾದಿ ಪರೀಕ್ಷೆಗೆ ಕೂತಳು. ನಾಲ್ಕು ಬಡಿತಕ್ಕೆ ರೊಟ್ಟಿ ಹರಿಯಿತು. ಇನ್ನೊಂದೂ ಹರಿಯಿತು. ಇನ್ನೂ ಎಂಟು ದಿನ ಬೇಕಾಗುತ್ತದೆ ಎಂದು ದೊಡ್ಡವ್ವ ಮುಖ ಬಿಗಿದುಕೊಂಡೇ ಹೇಳಿದಳು.

ಅವನು ತುತ್ತು ಮುರಿಯುವುದನ್ನು ನಿಲ್ಲಿಸಿದ. ಕೈಯಲ್ಲಿದ್ದ ರೊಟ್ಟಿಯನ್ನು ಬೆಳಕಿಗೆ ಹಿಡಿದ. ಅಂಚಿನ ಸುತ್ತ ಬೆರಳ ಗುರುತು ಸಾಲಾಗಿ ಮೂಡಿತ್ತು. ಹೆಂಗಸರ ಬಡಿತ ಒಬ್ಬರದಿದ್ದಂತೆ ಒಬ್ಬರದಿರುವುದಿಲ್ಲ. ವರ್ಷಗಟ್ಟಲೆ ಉಂಡವನಿಗೆ ಅದು ತಿಳಿಯದೇ ಇರುತ್ತದೆಯೇ!

"ನನ್ನ ಹೇಣ್ತಿ ರೊಟ್ಟಿ ನನಗ ಗುರ್ತಿಲ್ಲೇನು?" ಎಂದವನೇ ಎದ್ದು ಬಂದು ಅದೇ ಮಣಿಕಟ್ಟನ್ನು ಹಿಡಿದು ತಿರುಚಿದ. ಅವಳು ಮೊಣಕಾಲೂರಿ ಬಿದ್ದಳು. ಮತ್ತೊಂದು ಕೈಯಿಂದ ಜುಟ್ಟು ಹಿಡಿದು ಹಣೆಯನ್ನು ಹಂಚಿಗೆ ಒತ್ತಲು ಹೋದ.

ದೊಡ್ಡವ್ವ ಅವಸರ ಮಾಡಲಿಲ್ಲ. ಬೇಡಿಕೊಳ್ಳಲು ಬಂದವಳಂತೆ ಅವನ ಬಲತೋಳಿನ ಮೇಲೆ ಕೈಯಿಟ್ಟಳು. ಹೊರಕ್ಕೆ ಎತ್ತಿದಳು, ಹಿಂದಕ್ಕೆ ತಿರುವಿದಳು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಕೀಲು ಕಳಚಿದ ಸದ್ದು ಪಡಸಾಲೆಗೆಲ್ಲ ಕೇಳಿಸಿತು. ಅವನು ಒಲೆಯ ಮುಂದೆ ಹೊರಳಾಡತೊಡಗಿದ.

"ಕೂಡಸೋ ಕೈಗೆ ಬಿಚ್ಚಾಕೂ ಬರ್ತದಪ್ಪಾ," ಎಂದಳು. "ಅಕಿ ಕುಂತ ಬಂಡಿ ಊರ ಹಳ್ಳ ದಾಟಲಿ, ಆಮ್ಯಾಲ ಕೂಡಸ್ತೇವಿ."

ಅವನು ದವಾಖಾನೆಗೇ ಹೋಗುತ್ತೇನೆಂದು ಕೂಗಾಡುತ್ತ ಎದ್ದ. ಹೊಸ್ತಿಲಲ್ಲೇ ಕಣ್ಣು ಕತ್ತಲೆಗಟ್ಟಿ ಕುಸಿದ. ಅತನೂರಿನ ಕಡೆ ಹೊರಟಿದ್ದ ಗಾಣಿಗರ ಬಂಡಿಯನ್ನು ನಾನು ಓಡಿಹೋಗಿ ನಿಲ್ಲಿಸಿದೆ. ಅವಳು ಹರಿದ ರೊಟ್ಟಿಗಳನ್ನು ಎಮ್ಮೆಗೆ ಹಾಕಿ, ಕೈ ತೊಳೆದುಕೊಂಡು, ಅವನನ್ನು ದಾಟಿ ಹೋಗಿ ಬಂಡಿ ಹತ್ತಿದಳು.

ತೋಳು ಕೂಡಿಸುವ ಕೆಲಸವನ್ನು ದೊಡ್ಡವ್ವ ನನಗೇ ಬಿಟ್ಟಳು. ನಾನೊಬ್ಬಳೇ ಕೂಡಿಸಿದ ಮೊದಲ ಕೀಲು ಅದು. ಕಂಕುಳಿಗೆ ಹಿಮ್ಮಡಿ ಕೊಟ್ಟು, ಕೈಹಿಡಿದು, ನಿಧಾನವಾಗಿ ಎಳೆದೆ. ಬೇಗ ಎಳೆಯಬಹುದಿತ್ತು. ಅವನ ಚೀರಾಟಕ್ಕೆ ಓಣಿಯ ನಾಯಿಗಳು ಬೊಗಳಿದವು, ನನಗೆ ಹಿತವೆನ್ನಿಸಿತು.

ಕೀಲು ಕೂತ ಮೇಲೆ ದೊಡ್ಡವ್ವ ಯಾರಿಗೇ ಆದರೂ ಗೋಡೆ ತೋರಿಸಿ ಬೆರಳು ನಡೆಸುವುದನ್ನು ಹೇಳಿಕೊಡುತ್ತಿದ್ದಳು. ಆ ದಿನ ನಾನು ಕಾಯುತ್ತ ನಿಂತೆ. ಅವಳು ಅವನ ತೋಳನ್ನು ಎದೆಗೆ ಬಿಗಿದು ಕಟ್ಟಿ, ಇನ್ನೆರಡು ತಿಂಗಳು, ಯುಗಾದಿಯವರೆಗೆ, ಬಿಚ್ಚಕೂಡದು ಎಂದು ಮೆತ್ತಗೆ ಹೇಳಿ ಕಳಿಸಿದಳು. ನಂತರ ನನ್ನ ಕಡೆ ನೋಡಿದಳು. ನಾನು ಇದ್ದಿಲಿನ ತುಂಡನ್ನು ಒಲೆಗೆ ಹಾಕಿದೆ.

ಮರುವರ್ಷ ಖಜೂರಿಯ ಸಂತೆಯಲ್ಲಿ ಅವನನ್ನು ಕಂಡೆ. ತಲೆಗೆ ರುಮಾಲು ಸುತ್ತಿಸಿಕೊಳ್ಳಲು ಪಕ್ಕದವನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಬಲಗೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ.